ಕನ್ನಡ ಅಧ್ಯಾಪಕರ ಡಿಜಿಟಲ್ ತರಬೇತಿ: ಯಂತ್ರದಿಂದ ಪಠ್ಯದ ಕಡೆಗೆ

ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಿಕ್ಷಕರ ವೃತ್ತಿಪರ ಕಲಿಕೆಗೆ ಒಂದೂವರೆ ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಈ ಭಾಗದ ಶಾಲೆಗಳಲ್ಲಿ ಮರಾಠಿಯೇ ಪ್ರಬಲವಾಗಿದ್ದ ದಿನಗಳಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು (1834-1881). ಅವರ ಕಾಲದಲ್ಲಿಯೇ, 1865ರಲ್ಲಿ, ಶಾಲಾ ಶಿಕ್ಷಕರಿಗೆಂದು ‘ಮಠಪತ್ರಿಕೆ’ ಹುಟ್ಟಿತು. ಅದೇ ಮುಂದೆ ‘ಜೀವನ ಶಿಕ್ಷಣ’ ಎಂಬ ಹೆಸರು ತಳೆದು ಧಾರವಾಡದಿಂದ ಮುಂದುವರಿಯಿತು. ಅಂದಿನ ಹಳ್ಳಿಯ ಶಿಕ್ಷಕನ ಪಾಲಿಗೆ ಮುದ್ರಣವೇ ಹೊಸ ತಂತ್ರಜ್ಞಾನ. ಆದರೆ ಅವನಿಗೆ ಅಚ್ಚಿನ ಯಂತ್ರವನ್ನು ನಡೆಸಲು ಕಲಿಸಬೇಕೆಂದು ಯಾರೂ ಹಟ ಹಿಡಿಯಲಿಲ್ಲ. ಅಚ್ಚಾದ ಕನ್ನಡವನ್ನು ಕೈಯಲ್ಲಿ ಹಿಡಿದು ಮಕ್ಕಳಿಗೆ ಓದು ಬರಹ ಕಲಿಸಬಲ್ಲವರನ್ನು ಸಜ್ಜುಗೊಳಿಸುವುದು ಆ ಕಾಲದ ಕಾಳಜಿಯಾಗಿತ್ತು.

ಇಂದು ಮುದ್ರಣದ ಸ್ಥಾನದಲ್ಲಿ ಗಣಕಯಂತ್ರ, ಮೊಬೈಲ್ ಮತ್ತು ಅಂತರ್ಜಾಲಗಳಿವೆ. ತರಬೇತಿಗಳಿಗೆ ಕೊರತೆಯಿಲ್ಲ. ಆದರೂ ಈ ತರಬೇತಿಗಳಿಂದ ಕನ್ನಡ ತರಗತಿಯ ಒಳಗಡೆ ಏನು ಬದಲಾಯಿತು ಎಂದು ಕೇಳಿದರೆ ಉತ್ತರ ಸಮಾಧಾನಕರವಾಗಿಲ್ಲ. ಯಂತ್ರವನ್ನು ಬಳಸುವ ಕ್ರಮವನ್ನು ಎಲ್ಲ ವಿಷಯಗಳ ಅಧ್ಯಾಪಕರಿಗೂ ಒಂದೇ ಬಗೆಯಲ್ಲಿ ಹೇಳಿಕೊಡಲಾಗುತ್ತಿದೆ. ಕನ್ನಡ ಪಠ್ಯಕ್ಕೂ ಆ ಯಂತ್ರಕ್ಕೂ ಇರುವ ಸಂಬಂಧವನ್ನು ಯಾರೂ ಹೇಳಿಕೊಡುತ್ತಿಲ್ಲ. ಅದನ್ನು ಹೇಳಿಕೊಡಬೇಕಾದವರು ಕನ್ನಡ ವಿಭಾಗದವರೇ ಎಂಬುದು ಪ್ರಸ್ತುತ ಲೇಖನದ ನಿಲುವು. ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ಕನ್ನಡ ತರಗತಿಗಳನ್ನು ಮುಂದಿಟ್ಟುಕೊಂಡು ಈ ನಿಲುವನ್ನು ಇಲ್ಲಿ ವಿವರಿಸಲಾಗಿದೆ. ಗಡಿಯ ತರಗತಿಯಲ್ಲಿ ಕನ್ನಡ ಎಷ್ಟೋ ಮಕ್ಕಳಿಗೆ ಮನೆಯ ಮಾತಲ್ಲ. ಆದ್ದರಿಂದ ಉಪಕರಣದ ಆಯ್ಕೆಯಲ್ಲಿ ಆಗುವ ತಪ್ಪು ಇಲ್ಲಿ ಬೇಗ ಎದ್ದು ಕಾಣುತ್ತದೆ.

1. ಈವರೆಗೆ ಬಂದ ದಾರಿ

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ದೊಡ್ಡ ಪ್ರಮಾಣದಲ್ಲಿ ಬಂದದ್ದು 2001ರ ಸುಮಾರಿಗೆ ಆರಂಭವಾದ ‘ಮಾಹಿತಿ ಸಿಂಧು’ ಯೋಜನೆಯಿಂದ. ಆಗ ಗಣಕ ಶಿಕ್ಷಣದ ಹೊಣೆಯನ್ನು ಹೊರಗಿನ ಸಂಸ್ಥೆಗಳು ನೇಮಿಸಿದ ಬೋಧಕರು ಹೊತ್ತಿದ್ದರು. ಶಾಲೆಯ ವಿಷಯ ಶಿಕ್ಷಕರು ಹೆಚ್ಚಾಗಿ ಪ್ರೇಕ್ಷಕರಾಗಿ ಉಳಿದರು. ಗಣಕಕೊಠಡಿ ಒಂದು ಕಡೆ, ಪಾಠ ಇನ್ನೊಂದು ಕಡೆ ಎಂಬ ವಿಂಗಡಣೆ ಅಲ್ಲಿಂದಲೇ ಬೇರುಬಿಟ್ಟಿತು.

ಈ ವಿಂಗಡಣೆಯನ್ನು ಮುರಿಯುವ ಗಂಭೀರ ಪ್ರಯತ್ನವೆಂದರೆ 2011ರಿಂದ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ‘ಐಟಿ ಫಾರ್ ಚೇಂಜ್’ ಸಂಸ್ಥೆಯೊಡನೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ. ಪ್ರೌಢಶಾಲಾ ಶಿಕ್ಷಕರು ತಮ್ಮ ತಮ್ಮ ವಿಷಯದ ಗುಂಪುಗಳಲ್ಲಿ ಕುಳಿತು ಮುಕ್ತ ತಂತ್ರಾಂಶಗಳನ್ನು ಕಲಿತು, ತಾವೇ ಪಾಠ ಸಾಮಗ್ರಿಯನ್ನು ರಚಿಸಿ ಹಂಚಿಕೊಳ್ಳಬೇಕೆಂಬುದು ಅದರ ಆಶಯವಾಗಿತ್ತು. ಮೊದಲು ಸೇರಿದವು ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳು; ಭಾಷಾ ವಿಷಯಗಳ ಸರದಿ ಆಮೇಲೆ ಬಂತು. ಮುಂದೆ ‘ಟಾಲ್ಪ್’ ಎಂದು ಶಿಕ್ಷಕರ ಬಾಯಲ್ಲಿ ರೂಢಿಯಾದ ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮವೂ ಜಾರಿಗೆ ಬಂದಿತು.

2017ರ ಸೆಪ್ಟೆಂಬರ್ 5ರಂದು ‘ದೀಕ್ಷಾ’ ವೇದಿಕೆ ಆರಂಭವಾಯಿತು. 2019ರ ಆಗಸ್ಟ್‌ನಲ್ಲಿ ‘ನಿಷ್ಠಾ’ ತರಬೇತಿ ಬಂದಿತು. ಕೊರೊನಾ ಕಾಲದಲ್ಲಿ, 2020ರ ಅಕ್ಟೋಬರ್‌ನಿಂದ, ಅದು ‘ದೀಕ್ಷಾ’ದ ಮೂಲಕವೇ ನಡೆಯತೊಡಗಿತು. ಶಾಲೆಗಳು ಮುಚ್ಚಿದ್ದ ಆ ವರ್ಷ ಚಂದನ ವಾಹಿನಿಯ ‘ಸಂವೇದ’ ಪಾಠಗಳು, ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ನಡೆದ ‘ವಿದ್ಯಾಗಮ’ ಎರಡನ್ನೂ ನಾವು ಕಂಡಿದ್ದೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕನೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆಂದು ಹೇಳಿದೆ. ಉನ್ನತ ಶಿಕ್ಷಣದಲ್ಲಿ 1987ರಿಂದ ಆರಂಭವಾದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹೆಸರು ಬದಲಿಸುತ್ತ ಬಂದು, 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕಾರ್ಯಕ್ರಮದ ವ್ಯಾಪ್ತಿಗೆ ಸೇರಿದವು.

ಇಷ್ಟು ದೀರ್ಘವಾದ ಪಟ್ಟಿಯನ್ನು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗಂಟೆಗಳ ಲೆಕ್ಕ ಸುಲಭ, ಪ್ರಮಾಣಪತ್ರದ ಲೆಕ್ಕ ಇನ್ನೂ ಸುಲಭ. ದೃಶ್ಯಪಾಠವನ್ನು ಕೊನೆಯವರೆಗೆ ಓಡಿಸಿ, ಕೆಳಗಿನ ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರ ಗುರುತಿಸಿದರೆ ಪ್ರಮಾಣಪತ್ರ ಕೈಸೇರುತ್ತದೆ. ಮರುದಿನ ಅದೇ ಅಧ್ಯಾಪಕರು ಹಳಗನ್ನಡದ ಒಂದು ಪದ್ಯವನ್ನು ಪಾಠ ಮಾಡುವಾಗ ಆ ಕಲಿಕೆಯ ಯಾವ ಅಂಶ ನೆರವಿಗೆ ಬರುತ್ತದೆ ಎಂಬುದನ್ನು ಅಳೆಯುವ ಕ್ರಮ ಮಾತ್ರ ಇಲ್ಲ.

2. ಗಣಿತಕ್ಕೆ ಜಿಯೋಜೀಬ್ರಾ, ಕನ್ನಡಕ್ಕೆ ಯಾವುದು?

ಗಣಿತದ ಶಿಕ್ಷಕರು ಈ ತರಬೇತಿಗಳಿಂದ ಪಡೆದುದನ್ನು ಕನ್ನಡದವರು ಪಡೆಯಲಿಲ್ಲ. ಇದಕ್ಕೆ ಕಾರಣ ಕನ್ನಡದವರ ಅನಾಸಕ್ತಿ ಎಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಮಾರ್ಕಸ್ ಹೊಹೆನ್‌ವಾರ್ಟರ್ ಅವರು ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ರೂಪಿಸಲು ಆರಂಭಿಸಿದ ‘ಜಿಯೋಜೀಬ್ರಾ’ ಗಣಿತದ ಒಳಗಿನಿಂದಲೇ ಹುಟ್ಟಿದ ಉಪಕರಣ. ತ್ರಿಕೋನದ ಒಂದು ಶೃಂಗವನ್ನು ಎಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ ಬದಲಾಗುವುದಿಲ್ಲ. ಪ್ರಮೇಯವೇ ಅಲ್ಲಿ ಕಣ್ಣಿಗೆ ಕಾಣುತ್ತದೆ. ಕನ್ನಡ ಅಧ್ಯಾಪಕರಿಗೆ ದೊರೆತದ್ದು ಪವರ್‌ಪಾಯಿಂಟ್. ಕವಿಯ ಭಾವಚಿತ್ರ, ಜನನ, ಊರು, ಕೃತಿಗಳು, ಪ್ರಶಸ್ತಿಗಳು, ಕೊನೆಗೆ ಪದ್ಯದ ಸಾರಾಂಶ ಇವಿಷ್ಟನ್ನೂ ಹತ್ತು ಹಾಳೆಗಳಲ್ಲಿ ತೋರಿಸಿದರೆ ಡಿಜಿಟಲ್ ಪಾಠವಾಯಿತು. ಕರಿಹಲಗೆಯ ಮೇಲೆ ಬರೆಯುತ್ತಿದ್ದುದು ಪರದೆಯ ಮೇಲೆ ಬಂದಿತೇ ಹೊರತು ಪದ್ಯದ ಓದು ಬೆಳೆಯಲಿಲ್ಲ.

ಲೀ ಶುಲ್‌ಮನ್ ಅವರು 1986ರಲ್ಲಿ ಹೇಳಿದ ಮಾತು ಇಲ್ಲಿ ಉಪಯುಕ್ತ. ವಿಷಯಜ್ಞಾನ ಬೇರೆ, ಬೋಧನಾಕ್ರಮ ಬೇರೆ ಎಂದು ಎರಡನ್ನೂ ಬಿಡಿಬಿಡಿಯಾಗಿ ಕಲಿತರೆ ಸಾಲದು. ಒಂದು ವಿಷಯವನ್ನು ಕಲಿಸುವುದಕ್ಕೆ ಆ ವಿಷಯಕ್ಕೇ ವಿಶಿಷ್ಟವಾದ ಜ್ಞಾನವೊಂದಿದೆ ಎಂದರು ಅವರು. ಪುನ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಅವರು 2006ರಲ್ಲಿ ಇದಕ್ಕೆ ತಂತ್ರಜ್ಞಾನವನ್ನು ಸೇರಿಸಿ, ವಿಷಯ, ಬೋಧನೆ, ತಂತ್ರಜ್ಞಾನ ಮೂರೂ ಕೂಡುವ ಸ್ಥಳದಲ್ಲಿ ಅಧ್ಯಾಪಕನ ನಿಜವಾದ ಪರಿಣತಿ ಇದೆ ಎಂದು ವಾದಿಸಿದರು. ಹಾಗಾದರೆ ಕನ್ನಡದಲ್ಲಿ ಈ ಮೂರೂ ಕೂಡುವ ಸ್ಥಳ ಯಾವುದು? ನನ್ನ ಅಭಿಪ್ರಾಯದಲ್ಲಿ ಅದು ಎರಡು ಕಡೆ ಇದೆ: ಹುಡುಕಬಲ್ಲ ಪಠ್ಯದಲ್ಲಿ ಮತ್ತು ದಾಖಲಿಸಬಲ್ಲ ಧ್ವನಿಯಲ್ಲಿ. ಇವೆರಡೂ ಕೈಗೆಟುಕಬೇಕಾದರೆ ಮೊದಲು ಅಕ್ಷರದ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು.

3. ಮೊದಲ ಪಾಠ ಅಕ್ಷರದ್ದು

1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವೆರಡೂ ಕನ್ನಡಿಗರಿಗೆ ಗಣಕಯಂತ್ರದಲ್ಲಿ ಬರೆಯುವ ಧೈರ್ಯವನ್ನು ಕೊಟ್ಟವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದಾಗಿ ಕನ್ನಡ ಬೆರಳಚ್ಚು ಸರಳವಾಯಿತು. ಕನ್ನಡ ತಂತ್ರಾಂಶಕ್ಕಾಗಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಪಟ್ಟ ಕಾಳಜಿಯೂ ನಮಗೆ ಗೊತ್ತಿರುವುದೇ. ಈ ಹಿರಿಯರ ಋಣ ದೊಡ್ಡದು.

ಆದರೆ ಆ ಕಾಲದ ಅಕ್ಷರವಿನ್ಯಾಸಗಳಲ್ಲಿ ಒಂದು ಮಿತಿಯಿತ್ತು. ಯಂತ್ರದ ಸ್ಮೃತಿಯಲ್ಲಿ ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ರೋಮನ್. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಎದುರಾಗುತ್ತದೆ. ಯೂನಿಕೋಡ್ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸ್ಥಾನವಿದೆ. 2001ರ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಸಾಮಾನ್ಯ ಗಣಕಗಳಲ್ಲಿಯೂ ಅದು ಸಾಧ್ಯವಾಗಿದೆ. ‘ನುಡಿ’ಯ ಮುಂದಿನ ಆವೃತ್ತಿಗಳೂ ಅದಕ್ಕೆ ಅವಕಾಶ ನೀಡಿವೆ. ಹೀಗಿದ್ದೂ ನಮ್ಮ ಪ್ರಶ್ನೆಪತ್ರಿಕೆ, ಟಿಪ್ಪಣಿ, ಸಂಶೋಧನ ಲೇಖನಗಳು ಹಳೆಯ ವಿನ್ಯಾಸದಲ್ಲಿಯೇ ಬಹುಕಾಲ ಉಳಿದವು.

ಇದರ ಫಲವನ್ನು ಸಂಶೋಧಕರು ದಿನವೂ ಅನುಭವಿಸುತ್ತಿದ್ದಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮದಿಂದಾಗಿ ಪಿಎಚ್.ಡಿ. ಮಹಾಪ್ರಬಂಧಗಳು ‘ಶೋಧಗಂಗಾ’ ಭಂಡಾರವನ್ನು ಸೇರುತ್ತಿವೆ. ಕನ್ನಡದ ಪ್ರಬಂಧಗಳೂ ಅಲ್ಲಿವೆ. ಅವುಗಳಲ್ಲಿ ಹಳೆಯ ಫಾಂಟಿನ ಕಡತಗಳು ಇವೆ, ಪುಟಗಳ ಛಾಯಾಪ್ರತಿಗಳು ಇವೆ. ಇಂಥ ಕಡತಗಳಲ್ಲಿ ಒಂದು ಕನ್ನಡ ಪದವನ್ನು ಹುಡುಕಿದರೆ ಸಿಗುವುದಿಲ್ಲ. ಪ್ರಬಂಧ ಲೋಕಕ್ಕೆ ತೆರೆದಿದೆ, ಆದರೆ ಅದರೊಳಗಿನ ಕನ್ನಡಕ್ಕೆ ಬೀಗ ಬಿದ್ದಿದೆ. ಈಗ ಭಾಷಾ ಯಂತ್ರಗಳು ಕನ್ನಡವನ್ನು ಕಲಿಯುತ್ತಿರುವ ಕಾಲ. ಅವು ಓದಬಲ್ಲದ್ದು ಯೂನಿಕೋಡಿನಲ್ಲಿರುವ ಕನ್ನಡವನ್ನು. ಎರಡು ದಶಕಗಳ ನಮ್ಮ ವಿದ್ವತ್ತಿನ ಒಂದು ಭಾಗ ಆ ಲೆಕ್ಕದಿಂದ ಹೊರಗೇ ಉಳಿಯುತ್ತದೆ ಎಂಬುದು ಸಣ್ಣ ನಷ್ಟವಲ್ಲ.

ಆದ್ದರಿಂದ ಕನ್ನಡ ಅಧ್ಯಾಪಕರ ಡಿಜಿಟಲ್ ಕಲಿಕೆಯ ಮೊದಲ ದಿನದ ಪಾಠ ಪರದೆಯ ಅಲಂಕಾರದ ಬಗೆಗೆ ಇರಬಾರದು. ಅಕ್ಷರ ಯಂತ್ರದಲ್ಲಿ ಹೇಗೆ ಕುಳಿತಿದೆ ಎಂಬುದರ ಬಗೆಗೆ ಇರಬೇಕು. ಹಳೆಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವುದು, ಪರಿವರ್ತನೆಯಲ್ಲಿ ಅರ್ಕಾವೊತ್ತು ಮತ್ತು ಒತ್ತಕ್ಷರಗಳ ಕಡೆ ನುಸುಳುವ ದೋಷಗಳನ್ನು ತಿದ್ದುವುದು, ‘ರಾಜ್‌ಕುಮಾರ್’ ಎಂಬ ಹೆಸರಿನ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇದ್ದರೆ ಒಂದು ರೂಪ, ಇಲ್ಲದಿದ್ದರೆ ಇನ್ನೊಂದು ರೂಪ ಬರುವುದನ್ನು ಅರಿಯುವುದು, ಇವೆಲ್ಲ ಲಿಪಿಶಾಸ್ತ್ರದ ಇಂದಿನ ಅಧ್ಯಾಯಗಳು. ಹಸ್ತಪ್ರತಿಶಾಸ್ತ್ರವನ್ನೂ ಗ್ರಂಥಸಂಪಾದನೆಯನ್ನೂ ಪಠ್ಯಕ್ರಮದಲ್ಲಿಟ್ಟುಕೊಂಡ ವಿಭಾಗಗಳಿಗೆ ಇದು ಹೊರಗಿನ ವಿದ್ಯೆಯಾಗಲಾರದು.

ಕನ್ನಡದವರು ಈ ಕೆಲಸದಲ್ಲಿ ಏಕೆ ಇರಬೇಕೆಂಬುದಕ್ಕೆ ಒಂದು ಸಣ್ಣ ನಿದರ್ಶನ ಸಾಕು. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ ಅದಕ್ಕೆ ಕೊಟ್ಟಿರುವ ಅಧಿಕೃತ ಹೆಸರು ‘ಫ’ ಎಂಬರ್ಥದ್ದು. ತಪ್ಪೆಂದು ಮುಂದೆ ಗೊತ್ತಾದರೂ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಟಿಪ್ಪಣಿ ಸೇರಿಸಿ ಬಿಡಲಾಯಿತು. ಎಂ.ಎ. ಮೊದಲ ವರ್ಷದ ಕನ್ನಡ ವಿದ್ಯಾರ್ಥಿಯೂ ಗುರುತಿಸಬಲ್ಲ ತಪ್ಪು ಅದು.

4. ವ್ಯಾಕರಣವೇ ಹುಡುಕಾಟದ ವಿದ್ಯೆ

ಪಠ್ಯ ಯೂನಿಕೋಡಿನಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ 2013ರಲ್ಲಿ ಆರಂಭವಾದ ‘ವಚನ ಸಂಚಯ’ ಒಳ್ಳೆಯ ಉದಾಹರಣೆ. ಕನ್ನಡಾಸಕ್ತ ತಂತ್ರಜ್ಞರು ಮತ್ತು ಸಾಹಿತಿಗಳು ಕೂಡಿ ಕಟ್ಟಿದ ಈ ಸಂಚಯದಲ್ಲಿ ಸಾವಿರಾರು ವಚನಗಳನ್ನು ಪದದ ಮೂಲಕ, ವಚನಕಾರರ ಮೂಲಕ ಹುಡುಕಬಹುದು. ಪದಗಳ ಪ್ರಯೋಗವನ್ನು ಸಂಗ್ರಹಿಸುವುದು ನಮ್ಮಲ್ಲಿ ಹೊಸದಲ್ಲ. ಕಿಟೆಲ್ ಅವರ 1894ರ ನಿಘಂಟಿನ ಹಿಂದೆ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನ ಹಿಂದೆ ಇದ್ದದ್ದು ಇದೇ ಶ್ರಮ. ಅಂದು ವಿದ್ವಾಂಸರು ಚೀಟಿಗಳಲ್ಲಿ ಬರೆದು ಜೋಡಿಸಿದ ಪ್ರಯೋಗಗಳನ್ನು ಇಂದು ಪದವಿ ತರಗತಿಯ ವಿದ್ಯಾರ್ಥಿ ಕ್ಷಣದಲ್ಲಿ ಪಡೆಯುತ್ತಾನೆ.

‘ಕಾಯಕ’ ಎಂಬ ಪದವನ್ನು ತೆಗೆದುಕೊಳ್ಳೋಣ. ಅದರ ತತ್ತ್ವವನ್ನು ಅಧ್ಯಾಪಕರು ವಿವರಿಸುತ್ತಾರೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಅದರ ಬದಲು ಆ ಪದ ಬರುವ ವಚನಗಳನ್ನೆಲ್ಲ ವಿದ್ಯಾರ್ಥಿಗಳೇ ಹುಡುಕಿ, ಯಾವ ವಚನಕಾರರಲ್ಲಿ ಹೆಚ್ಚು, ಯಾರಲ್ಲಿ ವಿರಳ, ಯಾವ ಪದಗಳ ಸಂಗಡ ಬರುತ್ತದೆ ಎಂದು ಪಟ್ಟಿ ಮಾಡಿದರೆ ತರಗತಿಯ ಪ್ರಶ್ನೆಯೇ ಬದಲಾಗುತ್ತದೆ. ನಾವು ಬಸವಣ್ಣನವರ ಹೆಸರಿನಲ್ಲಿ ಹೇಳುತ್ತಿರುವುದರಲ್ಲಿ ಎಷ್ಟು ಭಾಗ ಇತರ ಶರಣರ ಮಾತು ಎಂಬಂಥ ಪ್ರಶ್ನೆಯನ್ನು ವಿದ್ಯಾರ್ಥಿಯೇ ಎತ್ತಬಲ್ಲ. ಪಟ್ಟಿಯನ್ನು ಮುಂದಿಟ್ಟುಕೊಂಡು ನಡೆಯುವ ಚರ್ಚೆಯಲ್ಲಿ ಅಧ್ಯಾಪಕರ ವಿದ್ವತ್ತಿಗೆ ಕೆಲಸ ಹೆಚ್ಚುತ್ತದೆ.

ಯಂತ್ರದ ಹುಡುಕಾಟಕ್ಕೆ ಮಿತಿಗಳಿವೆ, ಆ ಮಿತಿಗಳನ್ನು ಬಲ್ಲವನು ವೈಯಾಕರಣ. ‘ಕಾಲ’ ಎಂದು ಹುಡುಕಿದರೆ ‘ಕಾಲು’ ಕೂಡ ಬರುತ್ತದೆ, ಏಕೆಂದರೆ ಯಂತ್ರ ಉಕಾರದ ಚಿಹ್ನೆಯನ್ನು ಬೇರೆಯಾಗಿ ಇಟ್ಟುಕೊಂಡಿದೆ. ‘ಮಳೆಗಾಲ’ ಮಾತ್ರ ಬರುವುದಿಲ್ಲ, ಅಲ್ಲಿ ಕಕಾರ ಗಕಾರವಾಗಿದೆ. ‘ತಾವರೆ’ ಎಂದರೆ ‘ಬೆಟ್ಟದಾವರೆ’ ತಪ್ಪಿಹೋಗುತ್ತದೆ, ‘ಪನಿ’ ಎಂದರೆ ‘ಕಂಬನಿ’ ಸಿಗುವುದಿಲ್ಲ. ಆದೇಶಸಂಧಿಯನ್ನು ಐದು ಅಂಕದ ಪ್ರಶ್ನೆಗಾಗಿ ಕಲಿತ ವಿದ್ಯಾರ್ಥಿಗೆ ಅದರ ಉಪಯೋಗ ಇಲ್ಲಿ ಮೊದಲ ಬಾರಿಗೆ ಅನುಭವಕ್ಕೆ ಬರುತ್ತದೆ. ಹಳಗನ್ನಡದ ಪಠ್ಯದಲ್ಲಿ ‘ಹಾಲು’ ಎಂದು ಹುಡುಕಿದರೆ ಉತ್ತರ ಶೂನ್ಯವಾಗಬಹುದು, ಅಲ್ಲಿರುವುದು ‘ಪಾಲ್’. ಪಕಾರ ಹಕಾರವಾದ ಚರಿತ್ರೆ ಗೊತ್ತಿಲ್ಲದವನಿಗೆ ಯಂತ್ರ ಸುಳ್ಳು ಹೇಳಿದಂತೆಯೇ ಸರಿ.

ಈ ಪಾಠಕ್ಕೆ ಖಾನಾಪುರದ ವಿದ್ಯಾರ್ಥಿ ದೂರ ಹೋಗಬೇಕಾಗಿಲ್ಲ. ಅವನ ತಾಲ್ಲೂಕಿನ ಹಲಸಿ ಕದಂಬರ ತಾಮ್ರಶಾಸನಗಳಲ್ಲಿ ‘ಪಲಾಶಿಕಾ’. ಮುಂದೆ ‘ಪಲಸಿಗೆ’, ‘ಹಲಸಿಗೆ’ ಎಂಬ ರೂಪಗಳೂ ಬಳಕೆಯಾದವು. ಜೆ. ಎಫ್. ಫ್ಲೀಟ್ ಪ್ರಕಟಿಸಿದ ಆ ಶಾಸನಗಳ ಊರನ್ನು ಇಂದಿನ ಹೆಸರಿನಿಂದ ಹುಡುಕಿದರೆ ಶಾಸನಪಾಠದಲ್ಲಿ ಸಿಗುವುದಿಲ್ಲ. ತನ್ನೂರಿನ ಹೆಸರಿನಲ್ಲಿಯೇ ಧ್ವನಿವ್ಯತ್ಯಾಸದ ಪಾಠವಿದೆ ಎಂದು ಕಂಡುಕೊಂಡ ವಿದ್ಯಾರ್ಥಿ ಆ ಪಾಠವನ್ನು ಮರೆಯಲಾರ.

2022ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ಉಪಕರಣಗಳು ವಿದ್ಯಾರ್ಥಿಗಳ ಮೊಬೈಲಿಗೆ ಬಂದಿವೆ. ವಚನದ ಧಾಟಿಯಲ್ಲಿ ನಾಲ್ಕು ಸಾಲು ಹೊಸೆದು, ಕೊನೆಗೆ ‘ಕೂಡಲಸಂಗಮದೇವ’ ಎಂದು ಅಂಕಿತ ಹಾಕುವುದು ಅವುಗಳಿಗೆ ಕಷ್ಟವಲ್ಲ. ಅಂಥ ಸಾಲುಗಳು ವಿದ್ಯಾರ್ಥಿಯ ನಿಬಂಧದಲ್ಲಿ ವಚನವೆಂದೇ ಉಲ್ಲೇಖಗೊಂಡರೆ ಗುರುತಿಸುವವರು ಯಾರು? ಮೂಲಪಾಠದೊಡನೆ ಹೋಲಿಸಿ ನೋಡುವುದು, ಸಂಪಾದಿತ ಆವೃತ್ತಿಯನ್ನು ಕೇಳುವುದು, ಪ್ರಕ್ಷಿಪ್ತವನ್ನು ಶಂಕಿಸುವುದು ನಮ್ಮ ಹಳೆಯ ಶಿಸ್ತು. ಪ್ರಕ್ಷಿಪ್ತಗಳು ಈ ಪ್ರಮಾಣದಲ್ಲಿ ಹುಟ್ಟುತ್ತಿರುವ ಕಾಲದಲ್ಲಿ ಆ ಶಿಸ್ತನ್ನು ತರಬೇತಿಯ ನಡುಮಧ್ಯಕ್ಕೆ ತರಬೇಕಾಗಿದೆ.

5. ಖಾನಾಪುರದ ತರಗತಿಗೆ ಬೇಕಾದ ಉಪಕರಣ

ಹುಡುಕಬಲ್ಲ ಪಠ್ಯ ಪದವಿ ತರಗತಿಗೆ ಸಲ್ಲುವ ಮಾತಾಯಿತು. ಶಾಲೆಯ ತರಗತಿಗೆ, ಅದರಲ್ಲಿಯೂ ಗಡಿಯ ತರಗತಿಗೆ, ಧ್ವನಿಯೇ ಮುಖ್ಯ. ಖಾನಾಪುರ ತಾಲ್ಲೂಕಿನ ಪೂರ್ವಭಾಗದ ಇಟಗಿ, ಪಾರಿಶ್ವಾಡ ಕಡೆಯ ಬಯಲು ಒಂದು ಬಗೆ. ಪಶ್ಚಿಮದ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಲೋಂಡಾ ಕಡೆಯ ಕಾಡು ಇನ್ನೊಂದು ಬಗೆ. ಮರಾಠಿ, ಕೊಂಕಣಿ, ಉರ್ದು ಮನೆಮಾತಿನ ಮಕ್ಕಳು ಕನ್ನಡದ ಮಕ್ಕಳೊಂದಿಗೆ ಕೂಡಿ ಬೆಳೆಯುವ ಪ್ರದೇಶವಿದು. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಕಾಯ್ದೆ ತರಗತಿಯ ಬಾಗಿಲವರೆಗೆ ತರಬಲ್ಲದು. ಒಳಗಡೆ ಕಲಿಸಬೇಕಾದವರು ಶಿಕ್ಷಕರು.

ಮರಾಠಿ ಬರೆಯುವ ನಾಗರಿ ಲಿಪಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳ ಭೇದವಿಲ್ಲ. ಆ ಭೇದದಿಂದ ಅರ್ಥ ಬದಲಾಗುವ ಪದ್ಧತಿ ಮರಾಠಿಯಲ್ಲಿಯೂ ಇಲ್ಲ. ಆದ್ದರಿಂದ ಆ ಮನೆಮಾತಿನ ಮಗುವಿಗೆ ‘ಕೊಡು-ಕೋಡು’, ‘ತೊಡು-ತೋಡು’, ‘ಮೆಲು-ಮೇಲು’ ಜೋಡಿಗಳು ಕಿವಿಗೆ ಒಂದೇ ಎನಿಸಬಹುದು. ಬರಹದ ತಪ್ಪಿಗೆ ಕೆಂಪು ಗೆರೆ ಎಳೆಯುವುದರಿಂದ ಇದು ಸರಿಹೋಗದು. ತಪ್ಪು ಇರುವುದು ಕೇಳುವಿಕೆಯಲ್ಲಿ. ಇಂಥ ಇಪ್ಪತ್ತು ಜೋಡಿಗಳನ್ನು ಶಿಕ್ಷಕರು ಸ್ವಂತ ಧ್ವನಿಯಲ್ಲಿ ಮೊಬೈಲಿನಲ್ಲಿ ದಾಖಲಿಸಿ ಕೇಳಿಸುವುದು, ಮಕ್ಕಳಿಂದ ಹೇಳಿಸಿ ದಾಖಲಿಸುವುದು, ತಿಂಗಳ ಬಳಿಕ ಎರಡನ್ನೂ ಮಗುವಿಗೇ ಕೇಳಿಸುವುದು: ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಡ, ಅಂತರ್ಜಾಲವೂ ಬೇಡ. ಮಳೆಗಾಲದಲ್ಲಿ ವಿದ್ಯುತ್ತೂ ಸಂಪರ್ಕವೂ ಕೈಕೊಡುವ ಕಾಡಂಚಿನ ಊರುಗಳಿಗೆ ಇಂಥ ಉಪಕರಣವೇ ಹೊಂದುತ್ತದೆ. ಬೇಕಾದದ್ದು ಯಾವ ಜೋಡಿಗಳನ್ನು ಆರಿಸಬೇಕೆಂಬ ಭಾಷಾವಿಜ್ಞಾನದ ತಿಳಿವಳಿಕೆ.

ಮನೆಮಾತನ್ನು ಅಡ್ಡಿಯೆಂದು ಕಾಣದೆ ಸಂಪನ್ಮೂಲವೆಂದು ಕಾಣುವ ದಾರಿಯೂ ಇಲ್ಲೇ ಇದೆ. ಕನ್ನಡದ ‘ತುಪ್ಪ’ ಮರಾಠಿಯಲ್ಲಿ ‘ತೂಪ’, ‘ಅಡಕತ್ತರಿ’ ಅಲ್ಲಿ ‘ಅಡಕಿತ್ತಾ’. ಇಂಥ ಪದಗಳನ್ನು ಮಕ್ಕಳು ಮನೆಯ ಹಿರಿಯರಿಂದ ಕೇಳಿ ದಾಖಲಿಸಿ ತಂದರೆ ಎರಡು ಭಾಷೆಗಳ ನಂಟಸ್ತಿಕೆಯ ಪಟ್ಟಿಯೊಂದು ತರಗತಿಯಲ್ಲಿಯೇ ಸಿದ್ಧವಾಗುತ್ತದೆ. ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ತಿಗರಿಯ ಮುಂದೆ ಕುಳಿತ ಕುಶಲಕರ್ಮಿಯ ಬಾಯಿಂದ ಮಣ್ಣಿನ, ಸುಡುವಿಕೆಯ, ಪಾತ್ರೆಗಳ ಹೆಸರುಗಳನ್ನು ಧ್ವನಿಸಹಿತ ಸಂಗ್ರಹಿಸುವುದು ಪದವಿ ವಿದ್ಯಾರ್ಥಿಗಳಿಗೆ ಯೋಗ್ಯವಾದ ಕ್ಷೇತ್ರಕಾರ್ಯ. ಹಂಪಿ ಕನ್ನಡ ವಿಶ್ವವಿದ್ಯಾಲಯದ ವೃತ್ತಿಪದಕೋಶಗಳು ಹಾಕಿಕೊಟ್ಟ ಮಾದರಿ ನಮ್ಮ ಮುಂದಿದೆ. ಈಗ ಅದಕ್ಕೆ ಧ್ವನಿಯನ್ನೂ ಸೇರಿಸಬಹುದು.

ಇನ್ನೊಂದು ಗಡಿಯ ಅನುಭವವನ್ನೂ ಗಮನಿಸಬಹುದು. ಕೇರಳದಲ್ಲಿ 2001ರಲ್ಲಿ ಆರಂಭವಾದ ಶಾಲಾ ಗಣಕ ಶಿಕ್ಷಣ ಯೋಜನೆಯು ಕ್ರಮೇಣ ಮುಕ್ತ ತಂತ್ರಾಂಶವನ್ನೇ ಆಧರಿಸಿತು, ತರಬೇತಿಯ ಹೊಣೆಯನ್ನು ಶಾಲಾ ಶಿಕ್ಷಕರಿಗೇ ವಹಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅಲ್ಲಿನ ಗಣಕ ಪಠ್ಯಪುಸ್ತಕ ಕನ್ನಡದಲ್ಲಿಯೇ ದೊರೆಯುತ್ತದೆ. ಕನ್ನಡದ ಸ್ಥಾನಮಾನದ ಬಗೆಗೆ ಅಲ್ಲಿ ಬೇರೆ ಸಂಕಟಗಳಿವೆ, ಅದು ನಿಜ. ಆದರೆ ಶಿಕ್ಷಕರೇ ಶಿಕ್ಷಕರಿಗೆ ಕಲಿಸುವ ಆ ವ್ಯವಸ್ಥೆಯಿಂದ ನಾವು ಪಡೆಯಬೇಕಾದುದಿದೆ.

6. ಯಾರು ಕಲಿಯಬೇಕು, ಎಲ್ಲಿ ಕಲಿಯಬೇಕು

ಪದವಿ ಕಾಲೇಜುಗಳಲ್ಲಿ ಕನ್ನಡ ಪಾಠದ ಬಹುಭಾಗವನ್ನು ಇಂದು ಅತಿಥಿ ಉಪನ್ಯಾಸಕರು ನಿರ್ವಹಿಸುತ್ತಿದ್ದಾರೆ. ಪುನಶ್ಚೇತನ ಶಿಬಿರಗಳು ಕಾಯಂ ಅಧ್ಯಾಪಕರ ಬಡ್ತಿಯ ನಿಯಮಗಳೊಂದಿಗೆ ಹೆಣೆದುಕೊಂಡಿವೆ. ಬಡ್ತಿಯೇ ಇಲ್ಲದವರನ್ನು ಶಿಬಿರಕ್ಕೆ ಕಳುಹಿಸಲು ಯಾರಿಗೂ ಆಸಕ್ತಿಯಿಲ್ಲ. ಹೋದರೆ ಆ ದಿನಗಳ ಕಾರ್ಯಭಾರದ ಲೆಕ್ಕ ಏನಾಗುವುದೋ ಎಂಬ ಅಳುಕು ಅವರಿಗೂ ಇದೆ. ಹೆಚ್ಚು ತರಗತಿಗಳಲ್ಲಿ ನಿಲ್ಲುವವರೇ ಕಲಿಕೆಯ ಹೊರಗೆ ಉಳಿಯುವ ಈ ವೈಪರೀತ್ಯವನ್ನು ಸರಿಪಡಿಸದ ಹೊರತು ಯಾವ ಹೊಸ ಕಾರ್ಯಕ್ರಮವೂ ಖಾನಾಪುರದಂಥ ಊರಿನ ತರಗತಿಯನ್ನು ತಲುಪಲಾರದು.

ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ವಿದ್ವಾಂಸರ ಪರಿಶೀಲನೆಗೆ ಇಡಬಯಸುತ್ತೇನೆ.

ಮೊದಲನೆಯದು, ಕನ್ನಡ ವಿಭಾಗಗಳು ಮತ್ತು ಅವುಗಳ ಪತ್ರಿಕೆಗಳು ಲೇಖನ, ನಿಬಂಧ, ಮಹಾಪ್ರಬಂಧಗಳನ್ನು ಯೂನಿಕೋಡಿನಲ್ಲಿ ಮಾತ್ರ ಸ್ವೀಕರಿಸುವ ನಿರ್ಧಾರ ಮಾಡಬೇಕು. ಇದಕ್ಕೆ ಹಣ ಬೇಕಿಲ್ಲ, ಒಂದು ಸಭೆಯ ಠರಾವು ಸಾಕು.

ಎರಡನೆಯದು, ಎಂ.ಎ. ಅಂತಿಮ ವರ್ಷದ ಕಿರುಪ್ರಬಂಧಕ್ಕೆ ಪರ್ಯಾಯವಾಗಿ, ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಯೊಂದನ್ನು ಯೂನಿಕೋಡಿಗೆ ತಂದು, ಕರಡು ತಿದ್ದಿ, ಪಾಠಾಂತರ ಟಿಪ್ಪಣಿಯೊಡನೆ ಒಪ್ಪಿಸಲು ಅವಕಾಶವಿರಬೇಕು. ಭಾರತದ ಕಾನೂನಿನಂತೆ ಲೇಖಕನ ಮರಣದ 60 ವರ್ಷಗಳ ಬಳಿಕ ಕೃತಿ ಮುಕ್ತವಾಗುತ್ತದೆ. ಚನ್ನಬಸಪ್ಪನವರು ಷೇಕ್ಸ್‌ಪಿಯರನ ನಾಟಕವನ್ನು ಆಧರಿಸಿ ಬರೆದ ‘ನಗದವರನ್ನು ನಗಿಸುವ ಕಥೆ’ಯಿಂದಲೇ ಈ ಕೆಲಸವನ್ನು ಆರಂಭಿಸಬಹುದು. ಗ್ರಂಥಸಂಪಾದನೆಯ ಪತ್ರಿಕೆಗೆ ಇದಕ್ಕಿಂತ ಉತ್ತಮ ಪ್ರಾಯೋಗಿಕ ಪಾಠ ಇನ್ನೊಂದಿರಲಾರದು.

ಮೂರನೆಯದು, ಬೆಳಗಾವಿ ನಗರಕ್ಕೆ ದೊರೆತಿರುವ ಅನುಕೂಲವನ್ನು ಬಳಸಿಕೊಳ್ಳಬೇಕು. 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಇಲ್ಲಿದೆ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಒಂದು ಕಡೆ ಗಣಕವಿಜ್ಞಾನದ ವಿದ್ಯಾರ್ಥಿಗಳು, ಇನ್ನೊಂದು ಕಡೆ ಕನ್ನಡದ ಸಂಶೋಧಕರು. ‘ಮಳೆಗಾಲ’ದೊಳಗಿನ ‘ಕಾಲ’ವನ್ನು ಗುರುತಿಸಬಲ್ಲ ಹುಡುಕಾಟದ ಉಪಕರಣಕ್ಕೆ ಈ ಇಬ್ಬರೂ ಬೇಕು. ತಾಂತ್ರಿಕ ವಿಶ್ವವಿದ್ಯಾಲಯವು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ‘ಸಾಂಸ್ಕೃತಿಕ ಕನ್ನಡ’, ‘ಬಳಕೆ ಕನ್ನಡ’ ಪತ್ರಿಕೆಗಳನ್ನು ಪಠ್ಯಕ್ರಮಕ್ಕೆ ತಂದದ್ದುಂಟು. ಅದಕ್ಕೆ ಪ್ರತಿಯಾಗಿ ಕನ್ನಡ ವಿಭಾಗಗಳು ಭಾಷಾಗಣಕದ ಒಂದು ಪತ್ರಿಕೆಯನ್ನು ತೆರೆಯುವುದು ಉಚಿತ.

ನಾಲ್ಕನೆಯದು, ತಾಲ್ಲೂಕು ಮಟ್ಟದಲ್ಲಿ ಪ್ರೌಢಶಾಲೆ, ಪದವಿಪೂರ್ವ, ಪದವಿ ಎಂಬ ಗೋಡೆಗಳನ್ನು ಬದಿಗಿಟ್ಟು ಕನ್ನಡ ಕಲಿಸುವವರೆಲ್ಲ ತಿಂಗಳಿಗೊಮ್ಮೆ ಕೂಡಬೇಕು. ಶಾಲಾ ಶಿಕ್ಷಕರಿಗೆ ಸಮಾಲೋಚನಾ ಸಭೆಯ ಪರಿಪಾಠ ಈಗಾಗಲೇ ಇದೆ. ಆ ಸಭೆಗೆ ಕಾಲೇಜಿನವರೂ ಅತಿಥಿ ಉಪನ್ಯಾಸಕರೂ ಸೇರಲಿ. ಒಬ್ಬರು ಒಂದು ಪಾಠವನ್ನು ತರಲಿ; ಎಲ್ಲರೂ ಕೂಡಿ ಅದಕ್ಕೆ ಹೊಂದುವ ಉಪಕರಣವನ್ನು ಆರಿಸಲಿ; ಮುಂದಿನ ತಿಂಗಳು ತರಗತಿಯಲ್ಲಿ ಏನಾಯಿತೆಂದು ವರದಿ ಒಪ್ಪಿಸಲಿ. ನೀತಿಯು ಕೇಳುವ 50 ಗಂಟೆಗಳಲ್ಲಿ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

7. ಒಂದು ಆಕ್ಷೇಪ

ಸಾಹಿತ್ಯದ ಅಧ್ಯಾಪಕನಿಗೆ ಇದೆಲ್ಲ ಏಕೆ, ರಸಾನುಭವವನ್ನು ಯಂತ್ರ ಕೊಡಬಲ್ಲದೆ ಎಂಬ ಆಕ್ಷೇಪ ಹಿರಿಯರಿಂದ ಬರುತ್ತದೆ. ಅದು ಗೌರವಿಸಬೇಕಾದ ಆಕ್ಷೇಪ. ಒಳ್ಳೆಯ ಅಧ್ಯಾಪಕರು ಪದ್ಯವನ್ನು ಗಟ್ಟಿಯಾಗಿ ಓದಿದಾಗ ತರಗತಿಯಲ್ಲಿ ಉಂಟಾಗುವುದನ್ನು ಯಾವ ತಂತ್ರಾಂಶವೂ ಉಂಟುಮಾಡಲಾರದು. ಕಂದ, ವೃತ್ತಗಳ ಗತಿಯನ್ನು ಬಲ್ಲ ಆ ಕಂಠಗಳನ್ನು ದಾಖಲಿಸಿ ಉಳಿಸಿಕೊಳ್ಳದಿರುವುದು ನಮ್ಮ ಕಾಲದ ಲೋಪವೂ ಹೌದು. ಆದರೆ ಹಳಗನ್ನಡದ ಪದ್ಯ ಅರ್ಥವಾಗದೆ ಮಾರ್ಗದರ್ಶಿಯ ಸಾರಾಂಶವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ರಸಾನುಭವದ ಮಾತು ದೂರವೇ ಉಳಿದಿದೆ. ಪದವನ್ನು ಹುಡುಕಿ, ಒಡೆದು, ಬೇರೆ ಪ್ರಯೋಗಗಳ ಜತೆಗಿಟ್ಟು ನೋಡಿದ ಮೇಲೆ ಅವನು ಪದ್ಯದ ಬಳಿ ಬರುವ ರೀತಿಯೇ ಬೇರೆಯಾಗುತ್ತದೆ. ಉಪಕರಣ ಅಷ್ಟು ಮಾಡಿದರೆ ಸಾಕು. ಉಳಿದದ್ದು ಗುರುವಿನ ಕೆಲಸ.

ಒಟ್ಟಿನಲ್ಲಿ, ಕನ್ನಡ ಅಧ್ಯಾಪಕರ ಡಿಜಿಟಲ್ ಕಲಿಕೆಯನ್ನು ಇಲಾಖೆಗೋ ಆಯೋಗಕ್ಕೋ ಸಂಬಂಧಿಸಿದ ಆಡಳಿತದ ವಿಷಯವೆಂದು ಕನ್ನಡ ವಿಭಾಗಗಳು ಇನ್ನು ಮುಂದೆ ಬಿಟ್ಟುಕೊಡಬಾರದು. ಲಿಪಿ, ಸಂಧಿ, ಧ್ವನಿವ್ಯತ್ಯಾಸ, ಗ್ರಂಥಸಂಪಾದನೆ, ಕ್ಷೇತ್ರಕಾರ್ಯ ಇವು ಆ ಕಲಿಕೆಯ ತಿರುಳು. ಇವೆಲ್ಲ ಈಗಾಗಲೇ ನಮ್ಮ ಪಠ್ಯಕ್ರಮದಲ್ಲಿವೆ. ಅವುಗಳನ್ನು ಯಂತ್ರದ ಮುಂದೆ ಕೂರಿಸುವ ಕೆಲಸ ಮಾತ್ರ ಬಾಕಿ ಇದೆ. ಅದನ್ನು ನಾವು ಮಾಡದಿದ್ದರೆ ಬೇರೆಯವರು ಮಾಡುತ್ತಾರೆ. ‘ೞ’ಕ್ಕೆ ‘ಫ’ ಎಂದು ಹೆಸರಿಟ್ಟಂತೆ.